ಅಂಟು

ಬಂದರಿನ ದಕ್ಕೆಗೆ ಇಳಿಯುವ ತಿರುವಿನಲ್ಲಿ
ಒಣಮೀನಿನ ಗೋದಾಮಿಗೂ ಹಗ್ಗದ ಅಂಗಡಿಗೂ ನಡುವೆ
ಎಂಟಡಿ ಜಾಗ ನನ್ನದು.
ಬೋರ್ಡಿನಲ್ಲಿ ಇನ್ನೂ ಅಪ್ಪನ ಹೆಸರೇ ಉಂಟು:
ಇದಿನಬ್ಬ ರೇಡಿಯೋ ವರ್ಕ್ಸ್.
ಬಂದವರು ನನ್ನ ಬೆನ್ನ ಹಿಂದೆ ಇಣುಕುತ್ತಾರೆ,
"ಮಿಸ್ತ್ರಿ ಇಲ್ಲವಾ?"
ಇದ್ದಾರೆ. ಅವರೊಟ್ಟಿಗೇ ಮಾತಾಡ್ತಾ ಇದ್ದೀರಿ.

ಯಂತ್ರ ಅಷ್ಟು ಬೇಗ ಸಾಯುವುದಿಲ್ಲ.
ಮೋಟರು ತಿರುಗುತ್ತದೆ, ಮುಳ್ಳು ಅಲುಗುತ್ತದೆ,
ಸೊಸೈಟಿ ಸಾಲದಲ್ಲಿ ತಂದದ್ದು
ಸೊಸೈಟಿ ಮುಚ್ಚಿದ ಮೇಲೂ ಹಾಡುತ್ತದೆ.
ಕೆಡುವುದು ಮೈ.

ಮೊನ್ನೆ ಬೋಳಾರದ ಫ್ಲೋರಿನ್ ಬಾಯಿ
ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತಂದ ಟೇಪ್ ರೆಕಾರ್ಡರು
ತುಂಡನ್ನು ಬಿಡಲೇ ಇಲ್ಲ.
ಮುಟ್ಟಿದರೆ ಮಖಮಲ್ಲಿನ ಹಾಗಿರಲಿ ಎಂದು
ಯಾವುದೋ ಕಾರ್ಖಾನೆ ಬಳಿದ ಕಪ್ಪು ಲೇಪ
ಇಪ್ಪತ್ತು ಮಳೆಗಾಲದ ಪಸೆ ಕುಡಿದು ಕುಡಿದು
ಹಲಸಿನ ಮೇಣವಾಗಿತ್ತು.
ಹಿಂಬದಿಯಲ್ಲಿ ವೈರು ಸುತ್ತಿಟ್ಟ ಕಡೆ
ವೈರೇ ಮೈಯೊಳಗೆ ಇಳಿದು
ಹೊಯಿಗೆಯಲ್ಲಿ ಕೇರೆ ಹರಿದ ಜಾಡು.
"ನಾನು ಇದಕ್ಕೆ ಎಂತ ಮಾಡಿದ್ದೆ ಮಾರಾಯ್ತಿ?
ಕಪಾಟಿನಲ್ಲಿ ಇಟ್ಟದ್ದು. ಮುಟ್ಟಲೂ ಇಲ್ಲ."
ಅದೇ ಬಾಯಮ್ಮ.
ಅದೇ.

ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ, ಎರಡು ಗಂಟೆ,
ನೂರೈವತ್ತು ರೂಪಾಯಿ.
ಕಪ್ಪು ಬಿಟ್ಟಿತು, ನನ್ನ ಉಗುರಿಗೆ ಹಿಡಿಯಿತು.
ಅಡಿಯಲ್ಲಿ ಬೂದು ಬಣ್ಣದ, ಹೆಸರಿಲ್ಲದ ಒಂದು ಡಬ್ಬ.
"ಇದು ನಂದಲ್ಲ," ಅಂದರು. "ನಂದು ಕಪ್ಪು."
ಬಾಗಿಲು ತೆರೆದು ಕ್ಯಾಸೆಟ್ಟು ತೋರಿಸಿದೆ,
ಅವರದೇ ಅಕ್ಷರ: ಕೊಯರ್, ಎರಡನೇ ಸ್ವರ.
ಆಗ ನಂಬಿದರು, ಅರ್ಧ.

ಕೂಳೂರಿನ ದೇಜಪ್ಪಣ್ಣನದು ಬೇರೆ ಕತೆ.
ಬಿಳಿ ಮಿಕ್ಸಿ, ಅಡುಗೆಮನೆ ಕಿಟಕಿಯ ಬಿಸಿಲು ತಿಂದು
ಮಾಡಿಗೆ ತೂಗುಹಾಕಿದ ಸೌತೆಕಾಯಿಯ ಬಣ್ಣ.
ಅಪ್ಪ ಹೇಳುತ್ತಿದ್ದರು:
ಬೆಂಕಿ ಹಿಡಿಯಬಾರದೆಂದು ಪ್ಲಾಸ್ಟಿಕ್ಕಿಗೆ
ಒಂದು ಮದ್ದು ಬೆರೆಸುತ್ತಾರಂತೆ.
ಹಳದಿಯಾಗುವುದು ಅದೇ ಮದ್ದಿನಿಂದಂತೆ.
ಅಂದರೆ ಉರಿಯುತ್ತದೆ, ಆದರೆ ನಿಧಾನ,
ಹೊಗೆ ಇಲ್ಲದೆ, ಯಾರಿಗೂ ಗೊತ್ತಾಗದ ಹಾಗೆ.

ಮಗಳು ಸಣ್ಣದಿರುವಾಗ ಅಂಟಿಸಿದ ನವಿಲಿನ ಸ್ಟಿಕ್ಕರು
ಕಿತ್ತೆ. ಅಡಿಯಲ್ಲಿ ಹಾಲು ಬಿಳಿ ನವಿಲು,
ಕತ್ತು, ಕಾಲು, ಗರಿ ಸಮೇತ.
"ಹಾಂ! ಇಡೀ ಮಿಕ್ಸಿ ಹೀಗಾಗಬೇಕು."
ಸೆಲೂನಿನವರು ತಲೆಗೆ ಹಚ್ಚುವ ಕ್ರೀಮು ಬಳಿದು,
ಪ್ಲಾಸ್ಟಿಕ್ ಹಾಳೆ ಸುತ್ತಿ,
ಗೋದಾಮಿನ ತಾರಸಿಯಲ್ಲಿ ಸಿಗಡಿಯ ಪಕ್ಕ
ಮೂರು ದಿನ ಒಣಗಿಸಿದೆ.
ಕಾಗೆ ಸಿಗಡಿ ಬಿಟ್ಟು ಅದನ್ನೇ ಕುಕ್ಕಿತು.

ಬೆಳ್ಳಗಾಯಿತು. ಹೊಸತರ ಹಾಗೆ.
ದೇಜಪ್ಪಣ್ಣ ತಿರುಗಿಸಿ ನೋಡಿದರು,
ಇನ್ನೊಮ್ಮೆ ತಿರುಗಿಸಿದರು.
"ನವಿಲು ಎಲ್ಲಿ?"
ಎಲ್ಲಿ ಅಂತ ಹೇಳಲಿ.
ಎರಡು ವರ್ಷಕ್ಕೆ ಹಳದಿ ವಾಪಸು ಬರುತ್ತದೆ,
ನವಿಲು ಬರುವುದಿಲ್ಲ.
ದುಡ್ಡು ಎಣಿಸಿ ಕೊಟ್ಟರು, ಚೌಕಾಸಿ ಮಾಡಲಿಲ್ಲ.
ಮಾಡಿದ್ದರೆ ಒಳ್ಳೆಯದಿತ್ತು.

ನನ್ನ ಮೇಜಿನಲ್ಲೂ ಒಂದು ಉಂಟು.
ಅಪ್ಪನ ಮೀಟರು. ಅದರ ರಬ್ಬರ್ ಅಂಗಿ
ಕಳೆದ ಆಟಿಯಲ್ಲಿ ಕರಗಲು ಶುರು.
ಸ್ಪಿರಿಟ್ಟು ಕೈಗೆಟುಕುವಲ್ಲೇ ಇದೆ, ಬಟ್ಟೆಯೂ.
ಆದರೆ ಎಡಗಡೆ, ಅವರು ಹಿಡಿಯುತ್ತಿದ್ದಲ್ಲಿ
ಹೆಬ್ಬೆರಳು ಒತ್ತಿದ ಒಂದು ತಗ್ಗು.
ಅವರದೋ ನನ್ನದೋ, ಈಗ ಹೇಳಲಾಗದು.
ನನ್ನ ಹೆಬ್ಬೆರಳೂ ಅಲ್ಲಿಯೇ ಹೋಗಿ ಕೂರುತ್ತದೆ.

ಬೆಳಿಗ್ಗೆ ಶಟರು ಎತ್ತಿದ ಕೂಡಲೇ
ಅಂಗೈಗೆ ಪೌಡರು ಸುರಿದು ಅದಕ್ಕೆ ಹಚ್ಚುತ್ತೇನೆ,
ಕತ್ತಿನ ಸಂದಿಗೆ, ಬಗಲಿಗೆ, ಮಿಂದ ಮಗುವಿಗೆ ಹಚ್ಚಿದ ಹಾಗೆ.
ಮಧ್ಯಾಹ್ನದ ತನಕ ನುಣುಪು.
ಗಂಜಿ ಉಂಡು ಬರುವಾಗ ಸಮುದ್ರದ ಗಾಳಿ ಎದ್ದಿರುತ್ತದೆ,
ಪೌಡರು ಒಳಗೆ ಇಳಿದಿರುತ್ತದೆ,
ಮತ್ತೆ ಅಂಟು.

ಹಗ್ಗದಂಗಡಿಯ ಹುಡುಗ ಮೂಗು ಹಿಡಿದು ನಗುತ್ತಾನೆ:
"ಐಸಕ್ಕ, ಒಣಮೀನಿಗೆ ಮಲ್ಲಿಗೆ ಪರಿಮಳ!"
ನಗಲಿ.
ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೆ
ಮುಳ್ಳು ಈಗಲೂ ಸೊನ್ನೆಗೇ ಬಂದು ನಿಲ್ಲುತ್ತದೆ,
ಒಂದು ಕೂದಲೂ ಆಚೆಗಿಲ್ಲ.